ಪ್ಲೇಟಿನ ಉಳಿಕೆಯೂ ಆರ್ಡರ್ ಪುಸ್ತಕವೂ: ಸಿಎನ್‌ಸಿ ಕಟಿಂಗ್‌ನಲ್ಲಿ ನೆಸ್ಟಿಂಗ್ ತಂತ್ರಾಂಶದ ಮಿತಿ ಮತ್ತು ಸಾಧ್ಯತೆ

2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆ ಬಿಟ್ಟರೆ ಉಳಿಯುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು. ಬಹುಪಾಲು ಮಳೆಯನ್ನೇ ನಂಬಿದ ಈ ಬೇಸಾಯದ ಸೀಮೆಯಲ್ಲಿ ಕಬ್ಬಿಣದ ಕೆಲಸವೆಂದರೆ ಟ್ರೇಲರ್, ಕುಂಟೆ, ಕೂರಿಗೆ, ಗೇಟು, ಶೆಡ್ಡಿನ ಕಂಬದ ಬೇಸ್‌ಪ್ಲೇಟು ಮುಂತಾದ ಬಿಡಿಬಿಡಿ ಆರ್ಡರ್‌ಗಳು. ಹತ್ತಿರದ ತೋರಣಗಲ್ಲಿನಲ್ಲೇ ಉಕ್ಕು ತಯಾರಾದರೂ ಸಣ್ಣ ಅಂಗಡಿ ಪ್ಲೇಟು ಕೊಳ್ಳುವುದು ಕಿಲೋ ಲೆಕ್ಕದಲ್ಲಿ, ಚೂರನ್ನು ಗುಜರಿಗೆ ಹಾಕುವುದೂ ಕಿಲೋ ಲೆಕ್ಕದಲ್ಲಿ. ಎರಡು ದರಗಳ ನಡುವಿನ ಅಂತರವೇ ನಷ್ಟ. ಗಣಕ ನಿಯಂತ್ರಿತ (ಸಿಎನ್‌ಸಿ) ಯಂತ್ರ ಕತ್ತರಿಸಬೇಕಾದ ಬಿಡಿ ಭಾಗಗಳನ್ನು ಪ್ಲೇಟಿನ ಮೇಲೆ ಒತ್ತೊತ್ತಾಗಿ ಹೊಂದಿಸುವ ನೆಸ್ಟಿಂಗ್ ತಂತ್ರಾಂಶ ಈ ನಷ್ಟವನ್ನು ತಗ್ಗಿಸುತ್ತದೆ. ಆದರೆ ಎಷ್ಟು ತಗ್ಗಿಸಬಲ್ಲದು ಎಂಬುದನ್ನು ಅಂಗಡಿಯ ಆರ್ಡರ್ ಪುಸ್ತಕವೇ ಮೊದಲು ತೀರ್ಮಾನಿಸಿರುತ್ತದೆ ಎಂಬುದು ಈ ಲೇಖನದ ವಾದ.

ಒಂದು ಲೆಕ್ಕ ನೋಡಬಹುದು. 2500 × 1250 ಮಿ.ಮೀ. ಅಳತೆಯ, 6 ಮಿ.ಮೀ. ದಪ್ಪದ ಪ್ಲೇಟು ಸುಮಾರು 147 ಕೆ.ಜಿ. ತೂಗುತ್ತದೆ. ಅದರಲ್ಲಿ 240 ಮಿ.ಮೀ. ವ್ಯಾಸದ ಬಿಲ್ಲೆಗಳನ್ನು 10 ಮಿ.ಮೀ. ಅಂತರ ಬಿಟ್ಟು ಸಾಲಾಗಿ ಇಟ್ಟರೆ 50 ಸಿಗುತ್ತವೆ. ಪ್ಲೇಟಿನ ಶೇ. 72.4 ಭಾಗ ಬಳಕೆಯಾಗಿ, 40 ಕೆ.ಜಿ.ಗೂ ಹೆಚ್ಚು ಉಳಿಯುತ್ತದೆ. ಜೇನುಗೂಡಿನಂತೆ ಸಾಲು ತಪ್ಪಿಸಿ ಜೋಡಿಸಿದರೆ ಅಂಚಿಲ್ಲದ ಬಯಲಿನಲ್ಲಿ ವೃತ್ತಗಳು ಶೇ. 90.69 ಜಾಗ ತುಂಬುತ್ತವೆ. ಆದರೆ ಈ ಅಳತೆಯ ಪ್ಲೇಟಿನಲ್ಲಿ ಅಂಚು ಅಡ್ಡ ಬರುವುದರಿಂದ ಆ ಜೋಡಣೆಯಲ್ಲೂ 50ಕ್ಕಿಂತ ಹೆಚ್ಚು ಬರುವುದಿಲ್ಲ. ಒಂದೇ ಆಕಾರ ಕೊಟ್ಟರೆ ತಂತ್ರಾಂಶಕ್ಕೆ ದುಡಿಯಲು ಜಾಗವೇ ಇಲ್ಲ. ಅದೇ ಪಟ್ಟಿಗೆ 90 ಮಿ.ಮೀ. ವಾಷರ್‌ಗಳನ್ನು ಸೇರಿಸಿದರೆ ಪ್ರತಿ ನಾಲ್ಕು ಬಿಲ್ಲೆಗಳ ನಡುವಿನ ಸಂದಿನಲ್ಲಿ ಒಂದೊಂದರಂತೆ 36 ಕೂರುತ್ತವೆ, ವಾಷರ್‌ನ ನಡುವಿನ ತೂತನ್ನು ಲೆಕ್ಕಿಸದಿದ್ದರೆ ಬಳಕೆ ಶೇ. 79.7ಕ್ಕೆ ಏರುತ್ತದೆ. ಹೆಚ್ಚಾಗಿ ದಕ್ಕಿದ ಸುಮಾರು 10.8 ಕೆ.ಜಿ. ಅದೇ ದಪ್ಪದ ಇನ್ನೊಂದು ಬೇಡಿಕೆಯ ಕೊಡುಗೆ. ಗಣಿತಜ್ಞರಾದ ಗಿಲ್ಮೋರ್ ಮತ್ತು ಗೊಮೊರಿ 1961ರಲ್ಲಿ ಕಡಿಮೆ ಚೂರು ಉಳಿಯುವಂತೆ ಕತ್ತರಿಸುವ ಸಮಸ್ಯೆಗೆ ಲೀನಿಯರ್ ಪ್ರೋಗ್ರಾಮಿಂಗ್ ಎಂಬ ಗಣಿತ ವಿಧಾನವನ್ನು ಅನ್ವಯಿಸಿದಾಗಲೂ, ಯಾವ ಅಳತೆಯ ತುಂಡು ಎಷ್ಟು ಬೇಕೆಂಬ ಪಟ್ಟಿಯೇ ಲೆಕ್ಕದ ಮೊದಲ ಷರತ್ತಾಗಿತ್ತು.

ಆರ್ಡರ್ ಕೂಡಿಹಾಕುತ್ತ ಕುಳಿತರೆ ಮುಂಗಾರಿನ ಮುಂಚೆ ಕುಂಟೆ ಬೇಕಾದ ರೈತ ಕಾಯುವುದಿಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಕಾಯಬಲ್ಲ ಗೇಟು, ಬೇಸ್‌ಪ್ಲೇಟುಗಳ ಭಾಗಗಳನ್ನು ತುರ್ತು ಕೆಲಸದ ಸಂದಿಗೆ ಸೇರಿಸಲು ಅಡ್ಡಿಯಿಲ್ಲ. ಸಂದಿ ತುಂಬಲೆಂದೇ ವಾಷರ್ ಕತ್ತರಿಸಿ ರಾಶಿ ಹಾಕಿದರೆ ಅದು ಮಾರಾಟವಾಗದ ಗುಜರಿಯಾದೀತು ಎಂಬ ಮಾತಿನಲ್ಲೂ ಹುರುಳಿದೆ: ಪ್ರತಿ ತೂತಿಗೂ ಪ್ರತಿ ಕತ್ತರಿಕೆಗೂ ವಿದ್ಯುತ್ತು ಖರ್ಚಾಗುತ್ತದೆ, ನಾಜಲ್ ಸವೆಯುತ್ತದೆ. ಆದ್ದರಿಂದ ಹಿಂದಿನ ಮಾರಾಟ ನೋಡಿಯೇ ಸಣ್ಣ ಭಾಗಗಳ ಪಟ್ಟಿ ಮಾಡಬೇಕು. ಅನುಭವಿ ಕೆಲಸಗಾರನ ಕಣ್ಣಳತೆ ಸಾಲದೇ ಎಂದರೆ, ಹತ್ತು ಆಕಾರಗಳವರೆಗೆ ಸಾಲಬಹುದು. ಹಲವು ಆರ್ಡರ್‌ಗಳನ್ನು ಬೆರೆಸಿ, ತಿರುಗಿಸಿ ನೋಡುವಾಗ ಯಂತ್ರದ ಲೆಕ್ಕ ಮುಂದಾಗುತ್ತದೆ. ಖರ್ಚೂ ಈಗ ದೊಡ್ಡ ನೆಪವಲ್ಲ: ಡೀಪ್‌ನೆಸ್ಟ್‌ನಂಥ ಮುಕ್ತ ತಂತ್ರಾಂಶಗಳಿವೆ.

ಹೀಗಾಗಿ ತಾಲ್ಲೂಕು ಮಟ್ಟದ ಅಂಗಡಿಗೆ ಸುಧಾರಣೆಯ ಕ್ರಮ ಸ್ಪಷ್ಟ. ಮೊದಲು ಪ್ರತಿ ಪ್ಲೇಟಿನ ತೂಕ, ಹೊರಬಿದ್ದ ಭಾಗಗಳ ತೂಕ ಬರೆದಿಡಬೇಕು; ಉಳಿದ ತುಂಡಿನ ಮೇಲೆ ದಪ್ಪ, ಅಳತೆ ಗುರುತಿಸಿ ಮುಂದಿನ ನೆಸ್ಟಿಂಗ್‌ಗೆ ಅದನ್ನೇ ಮೊದಲು ಕೊಡಬೇಕು; ಆರ್ಡರ್‌ಗಳನ್ನು ದಪ್ಪದ ಪ್ರಕಾರ ಒಟ್ಟುಗೂಡಿಸಬೇಕು. ಒಂದು ಅಂಗಡಿಗೆ ಸಾಕಷ್ಟು ಆರ್ಡರ್ ಇಲ್ಲದಿದ್ದರೆ ಕೊಟ್ಟೂರು, ಕೂಡ್ಲಿಗಿಯಂಥ ಅಕ್ಕಪಕ್ಕದ ಊರಿನವರು ಒಂದೇ ಕಟಿಂಗ್ ಯಂತ್ರದ ಮೇಜಿಗೆ ಕೆಲಸ ಕಳಿಸುವುದು, ಸಾಗಣೆ ಖರ್ಚು ಕಳೆದೂ ಲಾಭ ಉಳಿದರೆ, ಹೊಸ ತಂತ್ರಾಂಶಕ್ಕಿಂತ ಹೆಚ್ಚು ಉಕ್ಕು ಉಳಿಸೀತು.