ಉರಿಯುವ ಬಟ್ಟಲಿಗೆ ಕೈ ಹಾಕಿದರೂ ಸುಡುವುದಿಲ್ಲವೇ? ‘ಸ್ನ್ಯಾಪ್‌ಡ್ರ್ಯಾಗನ್’ ಆಟದ ಅಸಲಿ ಕತೆ

ಕತ್ತಲೆ ಕೋಣೆಯಲ್ಲಿ ನೀಲಿ ಬೆಂಕಿಯ ಬಟ್ಟಲು. ಅದಕ್ಕೆ ಕೈ ಹಾಕಿ ಒಣದ್ರಾಕ್ಷಿ ತೆಗೆದು, ಉರಿಯುತ್ತಿರುವಾಗಲೇ ಬಾಯಿಗೆ ಹಾಕಿಕೊಳ್ಳುವ ಜನ. ಇಂಥ ವಿಡಿಯೋ ನಿಮ್ಮ ವಾಟ್ಸ್‌ಆ್ಯಪ್‌ಗೆ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ.

ಏನಿದು ಆಟ?

ಇದು ಇಂಗ್ಲೆಂಡಿನ ಹಳೆಯ ಕ್ರಿಸ್‌ಮಸ್ ಆಟ. ಹೆಸರು ಸ್ನ್ಯಾಪ್‌ಡ್ರ್ಯಾಗನ್. ಬಟ್ಟಲಲ್ಲಿ ಇರುತ್ತಿದ್ದುದು ಬ್ರಾಂದಿ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನಲ್ಲೇ ಇದನ್ನು ವಿವರಿಸಿದ್ದಾರೆ. ವಿಜ್ಞಾನಿ ಮೈಕೆಲ್ ಫ್ಯಾರಡೆ 1860–61ರ ಕ್ರಿಸ್‌ಮಸ್ ಉಪನ್ಯಾಸಗಳಲ್ಲಿ ಇದನ್ನೇ ಉದಾಹರಣೆ ಕೊಟ್ಟರು: ಹಣತೆಯ ಬತ್ತಿ ಎಣ್ಣೆ ಹೀರಿ ಉರಿಯುವ ಹಾಗೆ, ಇಲ್ಲಿ ದ್ರಾಕ್ಷಿಯೇ ಬತ್ತಿ.

ಬಾಯಿ ಯಾಕೆ ಸುಡಲಿಲ್ಲ?

ಇದು ಪವಾಡವಲ್ಲ. ಉರಿಯುವುದು ದ್ರವವಲ್ಲ, ಅದರಿಂದ ಏಳುವ ಆವಿ. ಬ್ರಾಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದರಿಂದ ದ್ರವ ಜ್ವಾಲೆಯಷ್ಟು ಬಿಸಿಯಾಗುವುದಿಲ್ಲ. ಬಾಯಿ ಮುಚ್ಚಿದರೆ ಗಾಳಿ ಸಿಗದೆ ಬೆಂಕಿ ಆರುತ್ತದೆ. ನಾಲಿಗೆಯ ಮೇಲೆ ಕರ್ಪೂರ ಉರಿಸುವವರು ನೆಚ್ಚಿಕೊಳ್ಳುವುದೂ ಇದನ್ನೇ: ಎಂಜಲಿನ ತೇವ, ಕ್ಷಣದ ಸಂಪರ್ಕ.

ಹಾಗಾದರೆ ಸುರಕ್ಷಿತವೇ?

ಖಂಡಿತ ಅಲ್ಲ. ಒಂದು ಕ್ಷಣ ತಡವಾದರೂ ಕೈ ಬೇಯುತ್ತದೆ. ಬಟ್ಟಲು ಮಗುಚಿದರೆ ಬೆಂಕಿ ದ್ರವದ ಜೊತೆ ಹರಿದು ಬಟ್ಟೆಗೆ ಹತ್ತುತ್ತದೆ. ಉರಿಯುವಾಗ ಮತ್ತೆ ಸುರಿದರೆ ಜ್ವಾಲೆ ಬಾಟಲಿಗೇ ಏರಬಹುದು. ಸ್ಯಾನಿಟೈಸರ್ ಬಳಸಿದರೆ ಅಪಾಯ ಇನ್ನೂ ಹೆಚ್ಚು: ಅದರಲ್ಲಿ ಆಲ್ಕೋಹಾಲ್ ಜಾಸ್ತಿ, ಬೆಳಕಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಕರ್ಪೂರ ನುಂಗಿದರೆ ಮಕ್ಕಳಿಗೆ ಫಿಟ್ಸ್ ಬರಬಹುದು.

ನಮ್ಮ ಮಲೆನಾಡಿನಲ್ಲಿ ಇನ್ನೊಂದು ಮಾತಿದೆ. ಚಳಿಗಾಲವೆಂದರೆ ಅಡಿಕೆ ಕೊಯ್ಲು. ಮನೆಯ ಸುತ್ತ ಒಣ ಹಾಳೆ, ಹುಲ್ಲು, ತಲೆಯ ಮೇಲೆ ಮರದ ಅಟ್ಟ. ಮಂಡಗದ್ದೆಯಿಂದ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಸುಮಾರು 30 ಕಿ.ಮೀ. ದಾರಿ. ದೀಪಾವಳಿಯಲ್ಲಿ ಅಂಟಿಗೆ-ಪಂಟಿಗೆಯವರು ಮನೆಯಿಂದ ಮನೆಗೆ ದೀಪ ಒಯ್ಯುವಾಗ ಎಷ್ಟು ಜೋಪಾನ ಮಾಡುತ್ತಾರೆ, ನೋಡಿ. ಬೆಂಕಿಯ ಜೊತೆಗಿನ ಸರಿಯಾದ ನಂಟು ಅದು.

ಸುಟ್ಟರೆ ಏನು ಮಾಡಬೇಕು?

• ಬಟ್ಟೆಗೆ ಬೆಂಕಿ ಹತ್ತಿದರೆ ಓಡಬೇಡಿ. ನಿಂತು, ಮಲಗಿ, ಹೊರಳಿ.
• ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಯಬಿಡಿ. ಐಸ್ ಬೇಡ.
• ಉಂಗುರ, ಬಳೆ ಬೇಗ ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆ ಕೀಳಬೇಡಿ.
• ಟೂತ್‌ಪೇಸ್ಟ್, ಶಾಯಿ, ಅರಿಶಿನ ಹಚ್ಚಬೇಡಿ. ಸ್ವಚ್ಛ ಬಟ್ಟೆ ಸಡಿಲವಾಗಿ ಮುಚ್ಚಿ.
• ಮುಖ, ಕೈ, ಬಾಯಿ ಸುಟ್ಟಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: ಆಟ ನಿಜ, ವಿಜ್ಞಾನವೂ ನಿಜ. ‘ಏನೂ ಆಗಲ್ಲ, ನೀವೂ ಮಾಡಿ’ ಎಂಬ ಮಾತು ಮಾತ್ರ ಸುಳ್ಳು. ವಿಡಿಯೋ ಕಳಿಸಲೇಬೇಕಿದ್ದರೆ, ಜೊತೆಗೆ ಇದನ್ನೂ ಕಳಿಸಿ.