ವಕೀಲರು ತಪ್ಪಿದರೆ ಖರ್ಚು ಯಾರದು?

ಡೊಂಬಿವಲಿಯಲ್ಲೋ ನವಿಮುಂಬಯಿಯಲ್ಲೋ ನೆಲೆಸಿ, ಮನೆ ಅಥವಾ ಬಾಡಿಗೆಯ ವ್ಯಾಜ್ಯಕ್ಕೆ ಸಿಕ್ಕಿಕೊಂಡ ನಮ್ಮವರಿಗೆ ಥಾಣೆ, ಕಲ್ಯಾಣ, ಬೇಲಾಪುರದ ಕೋರ್ಟುಗಳು ಹೊಸವೇನಲ್ಲ. ರಜೆ ಹಾಕಿ, ಲೋಕಲ್ ಹಿಡಿದು ಹೋದರೆ ಎದುರು ಪಕ್ಷದವರು ಹಾಜರು, ನಮ್ಮ ವಕೀಲರೇ ಗೈರು. ಹೀಗೆ ನಾಲ್ಕಾರು ತಾರೀಖು ಕಳೆದ ಮೇಲೆ ಕೇಸು ವಜಾ. ಕಟ್ಟಿದ ಕೋರ್ಟ್ ಫೀ, ಕೊಟ್ಟ ವಕೀಲಿ ಫೀ ಯಾರಿಂದ ವಸೂಲು ಮಾಡುವುದು? ಈ ಪ್ರಶ್ನೆಗೆ ನೂರು ವರ್ಷದ ಚರಿತ್ರೆಯಿದೆ.

ಹಳೆಯ ಇಂಗ್ಲಿಷ್ ಸಂಪ್ರದಾಯದಲ್ಲಿ ಬ್ಯಾರಿಸ್ಟರ್ ಪಡೆಯುವ ಹಣ ಬರೀ ಗೌರವಧನ. ಅದು ಬಾರದಿದ್ದರೆ ಅವರು ದಾವೆ ಹೂಡುವಂತಿರಲಿಲ್ಲ. ಕೋರ್ಟಿನಲ್ಲಿ ಅವರು ತಪ್ಪಿದರೆ ಕಕ್ಷಿದಾರನೂ ದಾವೆ ಹೂಡುವಂತಿರಲಿಲ್ಲ. ಭಾರತದಲ್ಲಿ 1926ರ ವಕೀಲರ ಶುಲ್ಕ ಕಾಯ್ದೆ ಎರಡನ್ನೂ ಒಟ್ಟಿಗೆ ಬದಲಿಸಿತು. ವಕೀಲರು ಫೀಗಾಗಿ ದಾವೆ ಹೂಡಬಹುದು. ಕರ್ತವ್ಯದಲ್ಲಿ ನಿರ್ಲಕ್ಷ್ಯ ತೋರಿದರೆ, ವಕೀಲರೆಂಬ ಒಂದೇ ಕಾರಣಕ್ಕೆ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಇಂಗ್ಲೆಂಡಿನಲ್ಲಿ ಆ ರಕ್ಷಣೆ ಪೂರ್ತಿ ಹೋದದ್ದು 2000ರಲ್ಲಿ.

ಈ ಕಾಯ್ದೆಯ ಮಹತ್ವ ಸುಪ್ರೀಂ ಕೋರ್ಟಿನಲ್ಲಿ ಸ್ಪಷ್ಟವಾದದ್ದು ಕರ್ನಾಟಕದ ಕೇಸಿನಿಂದಲೇ. ತನ್ನ ವ್ಯಾಜ್ಯವನ್ನು ಸರಿಯಾಗಿ ನಡೆಸಲಿಲ್ಲವೆಂದು ಕಕ್ಷಿದಾರರೊಬ್ಬರು ತಮ್ಮ ಮಾಜಿ ವಕೀಲರಿಂದ ಪರಿಹಾರ ಕೇಳಿದರು. ವಿಚಾರಣೆ ಮುಗಿಯುವ ಮೊದಲೇ ತೀರಿಕೊಂಡರು. ಕೇಳಿದವರೇ ಇಲ್ಲವೆಂದರೆ ದಾವೆಯೂ ಮುಗಿಯಿತೆ? 1988ರ 'ಎಂ. ವೀರಪ್ಪ ವಿರುದ್ಧ ಎವೆಲಿನ್ ಸಿಕ್ವೇರಾ' ತೀರ್ಪಿನಲ್ಲಿ ಕೋರ್ಟು ಹೇಳಿದ್ದು ಇಷ್ಟು: ಬೇಡಿಕೆಗೆ ಒಪ್ಪಂದದ ಆಧಾರವಿರುವ ಮಟ್ಟಿಗೆ ವಾರಸುದಾರರು ಅದನ್ನು ಮುಂದುವರಿಸಬಹುದು.

ಸ್ವತಃ ಕೋರ್ಟೇ ವಕೀಲರ ಮೇಲೆ ಖರ್ಚು ಹೊರಿಸಿದ್ದೂ ಉಂಟು. 1981ರ ರಫೀಕ್ ಪ್ರಕರಣದಲ್ಲಿ ವಕೀಲರು ಬಾರದೆ ಅಲಹಾಬಾದ್ ಹೈಕೋರ್ಟಿನಲ್ಲಿ ಮೇಲ್ಮನವಿ ವಜಾ ಆಗಿತ್ತು. ಸುಪ್ರೀಂ ಕೋರ್ಟು ಅದಕ್ಕೆ ಮರುಜೀವ ಕೊಟ್ಟಿತು. ಎದುರು ಪಕ್ಷದ ಖರ್ಚು 200 ರೂಪಾಯಿಯನ್ನು ಗೈರಾದ ವಕೀಲರಿಂದಲೇ ವಸೂಲು ಮಾಡಲು ಹೇಳಿತು. 2000ದ ರೇಮನ್ ಸರ್ವಿಸಸ್ ಪ್ರಕರಣದಲ್ಲಿ ವಕೀಲರು ಮುಷ್ಕರದ ದಿನ ಕೋರ್ಟಿಗೆ ಬಂದಿರಲಿಲ್ಲ. ಕಕ್ಷಿದಾರರು ತೆರಬೇಕಾದ 5,000 ರೂಪಾಯಿಯಲ್ಲಿ ಅರ್ಧವನ್ನು ವಕೀಲರಿಂದ ಪಡೆಯಲು ಅನುಮತಿ ಸಿಕ್ಕಿತು. ಮೊತ್ತ ಸಣ್ಣದು, ತತ್ವ ದೊಡ್ಡದು.

2007ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ವಕೀಲರ ಸೇವೆಯೂ ಗ್ರಾಹಕ ಕಾಯ್ದೆಗೆ ಸೇರುತ್ತದೆ ಎಂದಾಗ ಸುಲಭದ ದಾರಿ ತೆರೆದಂತಿತ್ತು. 2024ರ ಮೇ 14ರಂದು ಸುಪ್ರೀಂ ಕೋರ್ಟು ಅದನ್ನು ಮುಚ್ಚಿತು. ಉಳಿದಿರುವುದು ಎರಡು ದಾರಿ: ದುರ್ನಡತೆಗೆ ರಾಜ್ಯ ಬಾರ್ ಕೌನ್ಸಿಲ್‌ನಲ್ಲಿ ದೂರು, ಹಣಕ್ಕೆ ಸಿವಿಲ್ ಕೋರ್ಟು.

ಸೋತ ಕೇಸಿಗೆಲ್ಲ ವಕೀಲರು ಹೊಣೆಯಲ್ಲ. ನಿರ್ಲಕ್ಷ್ಯವನ್ನೂ ಅದರಿಂದಾದ ನಷ್ಟವನ್ನೂ ನಾವೇ ಸಾಬೀತು ಮಾಡಬೇಕು. ಅದಕ್ಕೆ ಬೇಕಾಗುವುದು ಫೀ ರಶೀದಿ, ವಕಾಲತ್ತಿನ ಪ್ರತಿ, ಪ್ರತಿ ತಾರೀಖಿನ ಆದೇಶ. ಕಾನೂನು 1926ರಲ್ಲೇ ನಮ್ಮ ಪರ ನಿಂತಿದೆ. ಆದರೆ ಫೀಯನ್ನು ನಗದಾಗಿ ಕೊಟ್ಟು ರಶೀದಿ ಕೇಳಲು ಸಂಕೋಚಪಡುವವರಿಗೆ ಅದು ಹೆಚ್ಚೇನೂ ಮಾಡಲಾರದು.