ಹಾಲು ಮಾರಿದ ಮಲ್ಲಾರೆಡ್ಡಿ, ಎಮ್ಮೆ ಮಾರಿದ ನಾವು

ಹೋದ ವರ್ಷ ಭಜನೆ ಮುಗಿದ ಮ್ಯಾಲೆ ಊರ ಹುಡುಗರು, "ಕಾಕಾ, ಮಲ್ಲಾರೆಡ್ಡಿ ಮ್ಯಾಲೆ ಒಂದು ಪದ ಕಟ್ಟು" ಅಂದರು. ಪದ ಕಟ್ಟುವ ಮೊದಲು ಚರಿತ್ರೆ ತಿಳಿದಿರಬೇಕು. ಅದಕ್ಕೇ ಇದನ್ನು ಬರೆದೀನಿ.

ಚಾಮಕೂರ ಮಲ್ಲಾರೆಡ್ಡಿ ಹುಟ್ಟಿದ್ದು 1953ರಲ್ಲಿ, ಸಿಕಂದರಾಬಾದಿನ ಬೋಯಿನಪಲ್ಲಿಯಲ್ಲಿ. ಹಾಲು ಮಾರಿ, ಹೂವು ಮಾರಿ, ಕಷ್ಟಪಟ್ಟು ಮ್ಯಾಲೆ ಬಂದೆ ಅಂತ ಸಭೆಯಲ್ಲಿ ಅವರೇ ಹೇಳ್ತಾರ. ಆ ಮಾತು ಮೊಬೈಲಿನಾಗ ಓಡಾಡಿ ಸಣ್ಣ ಮಕ್ಕಳಿಗೂ ಬಾಯಿಪಾಠ ಆಗ್ಯದ. ಹೈದ್ರಾಬಾದಿನ ಉತ್ತರಕ್ಕೆ ಮೈಸಮ್ಮಗೂಡದಲ್ಲಿ ಅವರ ಇಂಜಿನಿಯರಿಂಗ್ ಕಾಲೇಜುಗಳು ಎದ್ದವು. ಆಮ್ಯಾಲೆ ಮೆಡಿಕಲ್ ಕಾಲೇಜು, ದವಾಖಾನೆ, ಯೂನಿವರ್ಸಿಟಿಯೂ ಆದವು.

ಇಷ್ಟು ಕಾಲೇಜು ಹ್ಯಾಂಗ ಬೆಳೆದವು? ಒಬ್ಬರ ಕಷ್ಟದಿಂದ ಮಾತ್ರ ಅಲ್ಲ. 1956ರಲ್ಲಿ ರಾಜ್ಯ ಹಂಚುವಾಗ ಬೀದರ ಜಿಲ್ಲೆಯ ಜಹೀರಾಬಾದ, ನಾರಾಯಣಖೇಡ, ಗುಲಬರ್ಗಾ ಜಿಲ್ಲೆಯ ತಾಂಡೂರ ಆಂಧ್ರಕ್ಕೆ ಬಂದವು. ದೊಡ್ಡ ಓದಿಗೆ ನಮ್ಮ ಮಕ್ಕಳು ಹೈದ್ರಾಬಾದಿನ ದಾರಿ ಹಿಡಿದರು. ಸರ್ಕಾರಿ ಸೀಟು ಕಡಿಮೆ, ಆಸೆ ಬಹಳ. 2002ರಲ್ಲಿ ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಶನ್ ಕೇಸಿನಲ್ಲಿ ಸುಪ್ರೀಂ ಕೋರ್ಟು, ಖಾಸಗಿಯವರು ಕಾಲೇಜು ನಡೆಸಬಹುದು, ಆದರೆ ಡೊನೇಶನ್ ಕೀಳಬಾರದು, ವಿದ್ಯೆಯಲ್ಲಿ ಲಾಭಕೋರತನ ಸಲ್ಲದು ಅಂದಿತು. ರಾಜಶೇಖರ ರೆಡ್ಡಿ ಮುಖ್ಯಮಂತ್ರಿ ಇದ್ದಾಗ, 2008ರ ಸುಮಾರಿಗೆ, ಬಡವರ ಮಕ್ಕಳ ಫೀಸು ಸರ್ಕಾರವೇ ಕಟ್ಟುವ ಯೋಜನೆ ದೊಡ್ಡದಾಯ್ತು. ಆ ರೊಕ್ಕ ನಂಬಿ ನೂರಾರು ಕಾಲೇಜುಗಳು ನಡೆದವು.

ಮಲ್ಲಾರೆಡ್ಡಿ 2014ರಲ್ಲಿ ತೆಲುಗುದೇಶಂನಿಂದ ಮಲ್ಕಾಜಗಿರಿ ಎಂ.ಪಿ. ಆದರು. ತೆಲಂಗಾಣದಲ್ಲಿ ಆ ಪಕ್ಷಕ್ಕೆ ಬಂದದ್ದು ಅದೊಂದೇ ಲೋಕಸಭಾ ಸೀಟು. 2016ರಲ್ಲಿ ಕೆ.ಸಿ.ಆರ್. ಪಕ್ಷ ಸೇರಿದರು. 2018ರಲ್ಲಿ ಮೇಡ್ಚಲ್ ಎಂ.ಎಲ್.ಎ., 2019ರಲ್ಲಿ ಕಾರ್ಮಿಕ ಮಂತ್ರಿ. 2022ರ ನವೆಂಬರದಲ್ಲಿ ಇನ್‌ಕಮ್ ಟ್ಯಾಕ್ಸಿನವರು ಅವರ ಮನೆ, ಕಾಲೇಜು ಶೋಧ ಮಾಡಿದರು. ಇದು ರಾಜಕೀಯದ ಹಗೆ ಅಂದರು ಅವರು. ಮರುವರ್ಷ ಅವರ ಪಕ್ಷ ಸೋತರೂ ಮೇಡ್ಚಲ್ ಜನ ಅವರನ್ನೇ ಗೆಲ್ಲಿಸಿದರು.

ನನ್ನದೂ ಒಂದು ಹಾಲಿನ ಕಥಿ ಅದ. ನನ್ನ ಮಗ ಓದಿದ್ದು ಬ್ಯಾರೆ ಕಾಲೇಜಿನಾಗ, ಹೆಸರು ಬ್ಯಾಡ. ಸರ್ಕಾರದ ಫೀಸು ಬರೋದು ತಡ ಆಯ್ತು. ರೊಕ್ಕ ಕಟ್ಟೋ ತನಕ ಸರ್ಟಿಫಿಕೇಟ್ ಕೊಡಲ್ಲ ಅಂದರು. ಹಿಂಡುವ ಎಮ್ಮೆ ಮಾರಿ ಬಿಡಿಸಿಕೊಂಡು ಬಂದೆ. ಅವತ್ತು ಸಂಜಿಗೆ ಕರು ಕೊಟ್ಟಿಗ್ಯಾಗ ಒದರತಿತ್ತು, ನಮ್ಮಾಕಿ ಊಟ ಮಾಡಲಿಲ್ಲ. ಮಗನಿಗೆ ಈಗ ನೌಕರಿ ಅದ, ಅದನ್ನ ಇಲ್ಲ ಅನ್ನಂಗಿಲ್ಲ.

ಹಾಲು ಮಾರಿದವರು ಕಾಲೇಜು ಕಟ್ಟಿದ್ದು ಸಣ್ಣ ಮಾತಲ್ಲ. ಆದರೆ ಎಲ್ಲಾ ಖಾಸಗಿ ಕಾಲೇಜಿನ ಗೋಡ್ಯಾಗೂ ಸರ್ಕಾರದ ರೊಕ್ಕ ಅದ, ನಮ್ಮಂಥವರ ಎಮ್ಮೆ, ಹೊಲ ಅದಾವ. ಹುಡುಗರೇ, ಪದ ಕಟ್ಟತೀನಿ. ಅದರಾಗ ಎರಡೂ ಇರತಾವ.